ಜೆಫೆರಿನನ ಟೇಪು, ಬೊಸ್ತ್ಯಾಂವನ ಮೆಟ್ಟಿಲು

ಅಂಬೆವಾಡದಲ್ಲಿ ಯಾವ ಜಗಳವಾದರೂ ಜೆಫೆರಿನ್ ಬಾಯಿ ಬಿಡುವವರೆಗೆ ಮಾತ್ರ. ಅವನು ಕುರ್ಚಿಯಲ್ಲಿ ತುಸು ಮುಂದಕ್ಕೆ ಬಾಗಿ, "ಅದು ಟೇಪಿನಲ್ಲಿದೆ" ಅಂದರೆ ಮುಗಿಯಿತು. ಇನಾಸನ ಮದುವೆಯಲ್ಲಿ ಹಂದಿಮಾಂಸ ಕಡಿಮೆ ಬಿದ್ದಿತ್ತೋ, ಇನಾಸನ ಮಾವನೇ ಜಾಸ್ತಿ ತಿಂದಿದ್ದನೋ. ಬಿಷಪ್ಪರು ಬಂದಾಗ ಉಂಗುರಕ್ಕೆ ಮೊದಲು ಮುತ್ತಿಟ್ಟವರು ಯಾರು. ಕೇರಿಯ ಫುಟ್‌ಬಾಲ್ ಪಂದ್ಯದ ಆ ಗೋಲು ಕಾಲಿನದೋ ಕೈಯದೋ, ಎಲ್ಲವೂ ಟೇಪಿನಲ್ಲಿತ್ತು. ಟೇಪು ಟ್ರಂಕಿನಲ್ಲಿತ್ತು. ಟ್ರಂಕು ಜೆಫೆರಿನನ ಮಂಚದ ಕೆಳಗಿತ್ತು. ಅದರೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ಜೆಫೆರಿನನೂ ನೋಡಿರಲಿಲ್ಲ.

ನೋಡದೇ ಇದ್ದುದಕ್ಕೆ ಕಾರಣಗಳಿದ್ದವು. ಅವನು ಹಡಗಿನ ಎಂಜಿನ್ ಕೋಣೆಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುತ್ತಾ ಅರ್ಧ ಆಯುಷ್ಯ ಕಳೆದವನು. ಮಯಾಮಿ ಬಂದರಿನಲ್ಲಿ ಒಂದು ಸಂಜೆ, ಹೆಗಲಿಗೆ ನೇತುಹಾಕುವ ವಿಡಿಯೊ ಕ್ಯಾಮೆರಾ ಕೊಂಡ. ಮೊದಲ ರಜೆಯಲ್ಲೇ ಅದರ ಚಾರ್ಜರನ್ನು ಮನೆಯ ಗೋಡೆಗೆ ಚುಚ್ಚಿದ. ಅಮೆರಿಕದ ಕರೆಂಟಿಗೆ ಹುಟ್ಟಿದ ಚಾರ್ಜರು ಗೋವಾದ ಕರೆಂಟು ಕುಡಿದು ಒಂದು ಸಲ ಕೆಮ್ಮಿ ತೀರಿಕೊಂಡಿತು. ಆಮೇಲೆ ಪ್ರತಿ ಸಲ ಹಡಗಿನಲ್ಲೇ ಗೆಳೆಯನೊಬ್ಬನ ಚಾರ್ಜರಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ಊರಿಗೆ ಬರುತ್ತಿದ್ದ. ಹಾಗೆ ಹೊತ್ತು ತಂದ ಬ್ಯಾಟರಿಯನ್ನು, ತೆಗೆದದ್ದನ್ನೇ ತಿರುಗಿ ನೋಡಿ ಖರ್ಚು ಮಾಡಲು ಅವನೇನು ಹುಚ್ಚನೇ? ಟೀವಿಗೆ ಹಚ್ಚಿ ನೋಡೋಣವೆಂದರೆ ಕ್ಯಾಮೆರಾದ ಚಿತ್ರ ಇಲ್ಲಿಯ ಟೀವಿಗೆ ಒಗ್ಗುತ್ತಿರಲಿಲ್ಲ. ಕಪ್ಪು ಬಿಳಿ ಪಟ್ಟೆಗಳು ಏಣಿ ಹತ್ತಿದಂತೆ ಮೇಲಕ್ಕೆ ಹೋಗುತ್ತಿದ್ದವು. ಟೇಪು ಮಾತ್ರ ತುಂಬುತ್ತಿತ್ತು. ತುಂಬಿದ್ದನ್ನು ಟ್ರಂಕಿಗೆ ಹಾಕಿ, ನಾಲ್ಕು ನುಸಿಗುಳಿಗೆ ಇಟ್ಟು, ಬೀಗ ಜಡಿಯುತ್ತಿದ್ದ.

ಈ ಸುಖದ ರಾಜ್ಯ ಇಪ್ಪತ್ತೈದು ವರ್ಷ ನಡೆಯಿತು. ಕೊನೆಗೆ ಅದನ್ನು ಕೆಡಿಸಿದ್ದು ಒಂದು ನಾಯಿ.

ಮೇ ತಿಂಗಳಲ್ಲಿ ಕೇರಿಯ ಶಿಲುಬೆಗಳ ಮುಂದೆ ಸಂಜೆ ಮೇಣದ ಬತ್ತಿ ಹಚ್ಚಿ, ಪಿಟೀಲಿನ ಜೊತೆ ಲದಿನ್ ಎಂಬ ಪ್ರಾರ್ಥನೆ ಹಾಡುತ್ತಾರೆ. ಹಾಡು ಮುಗಿದ ಮೇಲೆ ಬೇಯಿಸಿದ ಕಡಲೆ, ಒಂದೊಂದು ಗ್ಲಾಸು ಫೆನ್ನಿ. ಅಂಬೆವಾಡದಲ್ಲಿ ಪಿಟೀಲು ಬಾರಿಸುವವನು ಬೊಸ್ತ್ಯಾಂವ್. ಅವನ ಮನೆ ರಸ್ತೆಯ ಬದಿಗೆ. ಜೆಫೆರಿನನ ಮನೆ ಅದರ ಹಿಂದೆ. ಜೆಫೆರಿನನ ಮಗಳು ಫೆಲ್ಸಿಯ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ಬೊಸ್ತ್ಯಾಂವನೇ. ಅಂದಿನಿಂದ ಅವಳಿಗೆ ಅವನು ಪಾದ್ರಿನ್. ಗಂಡಸರಿಬ್ಬರೂ ಒಬ್ಬರಿಗೊಬ್ಬರು ಕುಂಪಾರ್. ಆ ವರ್ಷದ ಮೊದಲ ಲದಿನ್‌ನಲ್ಲಿ ಬೊಸ್ತ್ಯಾಂವ್ ಪಿಟೀಲಿಗೆ ಕಮಾನು ಮುಟ್ಟಿಸಿದ್ದೇ ತಡ, ಇಗರ್ಜಿಯ ಪಾದ್ರಿಗಳ ನಾಯಿ ಎದ್ದು ಮೈ ಕೊಡವಿಕೊಂಡು ಮನೆಗೆ ಹೋಯಿತು. ಹುಟ್ಟಿದಾಗಿನಿಂದ ಒಂದು ಪ್ರಾರ್ಥನೆಯನ್ನೂ ತಪ್ಪಿಸಿದ ನಾಯಿಯಲ್ಲ ಅದು.

ಎಲ್ಲರೂ ನೋಡಿದರು. ಕಡಲೆ ಹಂಚುವಾಗ ಜೆಫೆರಿನ್ ಅಂದ:

"ಕುಂಪಾರ್, ನಿನ್ನ ಪಿಟೀಲಿಗೆ ಎಣ್ಣೆ ಹಾಕಬೇಕು. ನಂಗೆ ಆ ಕೆಲಸ ಬರ್ತದೆ. ನಾಳೆ ಡಬ್ಬಿ ತಗೊಂಡು ಬರ್ಲಾ?"

ಬೊಸ್ತ್ಯಾಂವ್ ಕಡಲೆ ಜಗಿಯುತ್ತಲೇ ಇದ್ದ. ನುಂಗಿದ. ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋದ. ವಾರ ಕಳೆಯುವುದರೊಳಗೆ ಅವನ ಅಂಗಳಕ್ಕೆ ಒಂದು ಲಾರಿ ಕೆಂಪುಕಲ್ಲು ಬಂದು ಬಿತ್ತು.

ಜೆಫೆರಿನ್ ಮೀನು ತರಲು ಹೊರಟವನು ಅಲ್ಲೇ ನಿಂತ.

"ಕುಂಪಾರ್, ಇದೇನು?"

"ಕಲ್ಲು."

"ಕಲ್ಲು ಅಂತ ನಂಗೂ ಕಾಣಿಸ್ತದೆ ಮಾರಾಯ. ಯಾಕೆ?"

"ಗೋಡೆಗೆ."

"ಗೋಡೆ ಎಲ್ಲಿ ಬರ್ತದೆ?"

"ಈಗ ನೀನು ನಿಂತಿದ್ದೀಯಲ್ಲ, ಅಲ್ಲಿ."

ಜೆಫೆರಿನ್ ನಿಂತಿದ್ದದ್ದು ದಾರಿಯ ಮೇಲೆ. ಅವನ ಮನೆಯಿಂದ ರಸ್ತೆಗೆ ಇರುವುದು ಅದೊಂದೇ ದಾರಿ. ಬೊಸ್ತ್ಯಾಂವನ ಜಗಲಿಯ ಪಕ್ಕದಲ್ಲಿ ಹಾದು, ಮೂರು ಮೆಟ್ಟಿಲು ಇಳಿದು, ಅವನ ಗೇಟಿನಿಂದ ಹೊರಗೆ. ಅದು ಬಿಟ್ಟರೆ ಹಿಂದುಗಡೆಯ ಗದ್ದೆಯ ಬದು.

"ಈ ದಾರಿ ನೀನೇ ಕೊಟ್ಟದ್ದು ಕುಂಪಾರ್. ಫೆಲ್ಸಿ ಮದುವೆಯಲ್ಲಿ, ಟೋಸ್ಟು ಹೇಳುವಾಗ, ಅಷ್ಟೂ ಜನರ ಎದುರಿಗೆ. ಸೂರ್ಯ ಇರುವವರೆಗೆ ಈ ದಾರಿ ನನ್ನ ಕುಂಪಾರನದ್ದು ಅಂದಿದ್ದೆ."

ಗ್ಲಾಸೆತ್ತಿ ವಧೂವರರನ್ನು ಹರಸುವುದು ಪಾದ್ರಿನ್‌ನ ಹಕ್ಕು. ಬೊಸ್ತ್ಯಾಂವ್ ಆ ಹಕ್ಕನ್ನು ಸಂಪೂರ್ಣವಾಗಿ ಬಳಸಿಕೊಂಡಿದ್ದ. ಅವನು ಶುರುಮಾಡಿದಾಗ ಕೇಕಿನ ಹತ್ತಿರ ಇರುವೆ ಇರಲಿಲ್ಲ. ಮುಗಿಸುವಾಗ ಇರುವೆಗಳು ಕೇಕಿನ ಒಂದು ಸಕ್ಕರೆ ಗುಲಾಬಿಯನ್ನು ಬಿಡಿಸಿ ಗೂಡಿಗೆ ಸಾಗಿಸಿ, ಎರಡನೆಯದಕ್ಕೆ ಕೈಹಾಕಿದ್ದವು ಎಂದು ಹೇಳುತ್ತಾರೆ.

"ಅಂದಿರಬಹುದು," ಅಂದ ಬೊಸ್ತ್ಯಾಂವ್. "ಅವತ್ತು ಏನೇನು ಅಂದೆನೋ ಯಾರಿಗೆ ನೆನಪು. ಕೇಳಿದವರಲ್ಲಿ ಅರ್ಧ ಜನ ಈಗ ಮಣ್ಣಿನ ಕೆಳಗಿದ್ದಾರೆ. ಉಳಿದ ಅರ್ಧ ಜನ ಅವತ್ತು ಮೇಜಿನ ಕೆಳಗಿದ್ರು."

"ಅದು ಟೇಪಿನಲ್ಲಿದೆ."

"ತೋರಿಸು."

ಇಪ್ಪತ್ತೈದು ವರ್ಷದಲ್ಲಿ ಯಾರೂ ಆಡದ ಮಾತದು. ಜೆಫೆರಿನನಿಗೆ ಅದು ಕೇಳಿಸಿತು, ಅರ್ಥವಾಗಲಿಲ್ಲ.

"ಏನು ತೋರಿಸು?"

"ಟೇಪು. ಮುಂದಿನ ಶನಿವಾರ ನನ್ನ ಶಿಲುಬೆಯ ಮುಂದೆ ಲದಿನ್ ಇದೆಯಲ್ಲ, ಅದು ಮುಗಿದ ಮೇಲೆ ನನ್ನ ಗೋಡೆ ಮೇಲೇ ತೋರಿಸು. ಎಲ್ಲರೂ ನೋಡ್ಲಿ. ನಾನು ಅಂದಿದ್ದರೆ ಅಂದ ಮಾತಿಗೆ ನಿಲ್ತೀನಿ, ಈ ಕಲ್ಲೆಲ್ಲ ಇಗರ್ಜಿಗೆ ಕೊಡ್ತೀನಿ. ಅಂದಿಲ್ಲದಿದ್ದರೆ ಸೋಮವಾರ ಮೇಸ್ತ್ರಿ ಬರ್ತಾನೆ."

ಜೆಫೆರಿನ್ ಮೀನು ತರದೆ ಮನೆಗೆ ಹಿಂತಿರುಗಿದ. ಹೆಂಡತಿ ಪಿಯೆದಾದ್ ತೆಂಗಿನಕಾಯಿ ತುರಿಯುತ್ತಿದ್ದಳು. ಎಲ್ಲ ಕೇಳಿದಳು, ತುರಿಯುವುದನ್ನು ನಿಲ್ಲಿಸಲಿಲ್ಲ.

"ನಿಮಗೇನು, ಬದುವಿನ ಮೇಲೆ ಬೀಳ್ತಾ ಏಳ್ತಾ ಹೋಗ್ತೀರಿ. ನನ್ನ ಪೆಟ್ಟಿಗೆ ಹೇಗೆ ಹೋಗ್ತದೆ?"

"ಯಾವ ಪೆಟ್ಟಿಗೆ?"

"ಶವದ ಪೆಟ್ಟಿಗೆ. ಹೊರೋರು ನಾಲ್ಕು ಜನ. ಬದುವಿನ ಮೇಲೆ ಹಿಡಿಸೋದು ಇಬ್ಬರು. ಇನ್ನಿಬ್ಬರು ಗದ್ದೆಗೆ ಇಳೀಬೇಕು. ನಾನು ದೇವರ ಹತ್ತಿರ ಓರೆಯಾಗಿ ಹೋಗ್ಬೇಕಾ?"

ಮಳೆಗಾಲದಲ್ಲಿ ಆ ಬದುವಿನ ಮೇಲೆ ಏಡಿಗಳೇ ಯೋಚಿಸಿ ಕಾಲಿಡುತ್ತಿದ್ದವು. ಅವನ ಮೊಣಕಾಲಂತೂ ಒಣಗಿದ ನೆಲದ ಮೇಲೂ ದೂರು ಹೇಳುವ ಜಾತಿಯದು.

ಟ್ರಂಕು ಹೊರಗೆ ಬಂತು. ಜೆಫೆರಿನ್ ಮಡಗಾಂವಿಗೆ ಹೋಗಿ, ಹಳೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯಲ್ಲಿ ವಿಚಾರಿಸಿದ. ಅಂಗಡಿಯವ ಒಂದೊಂದು ಟೇಪಿಗೆ ಇಷ್ಟು ಅಂದ. ಜೆಫೆರಿನ್, ಆ ದುಡ್ಡಿಗೆ ಮದುವೆಯನ್ನೇ ಇನ್ನೊಂದು ಸಲ ಮಾಡಿಸಬಹುದು ಎಂದು ಹೇಳಿ ಬಸ್ಸು ಹತ್ತಿದ.

ಮಗಳು ಫೆಲ್ಸಿ ಮಧ್ಯವಯಸ್ಸಿನ ಹೆಂಗಸು, ಪಕ್ಕದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬ್ಲೌಸಿನ ನಮೂನೆ ನೋಡಲು ಕೊಂಡ ಹಳೆಯ ಲ್ಯಾಪ್‌ಟಾಪ್ ಅವಳ ಬಳಿ ಇತ್ತು. ಅವಳು ಒಂದು ದಿನ ಅದರ ಮುಂದೆ ಕೂತು ವಿಷಯ ತಿಳಿದುಕೊಂಡಳು.

"ಪಾಯ್, ಒಂದು ಸಣ್ಣ ತುಂಡು ಬರ್ತದೆ, ಹೆಬ್ಬೆರಳಿನಷ್ಟು. ಒಂದು ಕಡೆ ಕ್ಯಾಮೆರಾದ ವಯರು, ಇನ್ನೊಂದು ಕಡೆ ಲ್ಯಾಪ್‌ಟಾಪು. ಅಂಗಡಿಯವ ಒಂದು ಟೇಪಿಗೆ ಕೇಳಿದ ದುಡ್ಡಿಗಿಂತ ಕಡಿಮೆಗೆ ಬರ್ತದೆ. ಆದರೆ ನಡೆಯೋ ಕ್ಯಾಮೆರಾ ಬೇಕು."

ಜೆಫೆರಿನನ ಕ್ಯಾಮೆರಾ ನಡೆಯುತ್ತಿರಲಿಲ್ಲ. ಬಾಯಿ ತೆರೆದರೆ ಅದರೊಳಗೆ ಹಲ್ಲಿಯ ಸಂಸಾರ. ಹಡಗಿನವರ ಊರಾದ್ದರಿಂದ ಕ್ಯಾಮೆರಾಗಳಿಗೇನೂ ಬರವಿರಲಿಲ್ಲ. ಮನೆಗೊಂದರಂತೆ ಕಪಾಟಿನಲ್ಲಿ ಸಂತರ ವಿಗ್ರಹದ ಪಕ್ಕದಲ್ಲಿ ಕೂತಿದ್ದವು. ಅಸೊಳ್ಣೆಯ ಒಬ್ಬ ವಿಧವೆಯ ಬಳಿ ಅದೇ ಬಗೆಯದು, ಚಾರ್ಜರಿನ ಸಮೇತ, ಸಿಕ್ಕಿತು. ಅವಳು ಬಾಡಿಗೆ ಕೇಳಲಿಲ್ಲ, ಎರಡು ಬ್ಲೌಸು ಹೊಲಿದುಕೊಡು ಅಂದಳು. ಅಮೆರಿಕದ ಕರೆಂಟು ಬೇಕಲ್ಲ, ಅದಕ್ಕೆ ಕರೆಂಟು ಇಳಿಸುವ ಭಾರದ ಪೆಟ್ಟಿಗೆ ಜೆಫೆರಿನನ ಮನೆಯಲ್ಲೇ ಇತ್ತು. ಚಾರ್ಜರು ಸತ್ತ ಮೇಲೆ ಬುದ್ಧಿ ಬಂದು ತಂದದ್ದು; ಇಷ್ಟು ವರ್ಷ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಕೂತಿತ್ತು.

ಟೇಪುಗಳು ತೇವ ಹಿಡಿದಿದ್ದವು. ಫೆಲ್ಸಿ ಅವನ್ನು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟಳು. ಟೇಪು ಒಣಗಿತು; ಆ ವಾರದ ಅನ್ನಕ್ಕೆಲ್ಲ ನುಸಿಗುಳಿಗೆಯ ಘಮ ಬಂತು. ಕ್ಯಾಮೆರಾದ ಒಳಗಿನ ತಿರುಗುವ ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು ಎಂದು ಎಲ್ಲೋ ಹೇಳಿದ್ದರು. ಸ್ಪಿರಿಟ್ಟು ತರಲು ಮತ್ತೆ ಪೇಟೆಗೆ ಯಾರು ಹೋಗುತ್ತಾರೆ? ಜೆಫೆರಿನ್ ಹತ್ತಿಗೆ ಫೆನ್ನಿ ಹಚ್ಚಿ ಒರೆಸಿದ. ಮೊದಲ ಸ್ವಲ್ಪ ಹೊತ್ತು ಚಿತ್ರ ಓಲಾಡಿತು. ಆಮೇಲೆ ಇಳಿಯಿತು.

ಮದುವೆಯ ಟೇಪನ್ನೇ ಮೊದಲು ಹಾಕಿದರು. ಪಿಯೆದಾದ್ ಕೈ ಒರೆಸಿಕೊಂಡು ಬಂದು ಕೂತಳು. ಲ್ಯಾಪ್‌ಟಾಪಿನ ಮೇಲೆ ಚಿತ್ರ ಮೂಡಿತು.

ಒಂದು ಬೂಟು ಕಾಣಿಸಿತು.

ಬೂಟು ಮುಂದೆ ಹೋಯಿತು. ಇನ್ನೊಂದು ಬೂಟು ಬಂತು. ಮತ್ತೆ ಮೊದಲನೆಯದು. ಕೆಂಪು ಮಣ್ಣು, ಒಣಗಿದ ಎಲೆ, ಒಂದು ಕೋಳಿಯ ಹಿಂಭಾಗ.

"ಇದು ಮುನ್ನುಡಿ," ಅಂದ ಜೆಫೆರಿನ್. "ಮುಂದೆ ಬರ್ತದೆ."

"ಬೇಗ ಓಡಿಸೋಕಾಗಲ್ವಾ?" ಅಂದಳು ಪಿಯೆದಾದ್.

"ಮಾಯ್, ಇದು ಅನ್ನ ಅಲ್ಲ, ಉರಿ ಜಾಸ್ತಿ ಮಾಡೋಕೆ. ಒಂದು ಗಂಟೆಯ ಟೇಪು ಇಳೀಬೇಕಾದ್ರೆ ಒಂದು ಗಂಟೆನೇ ಬೇಕು."

ಒಂದು ಗಂಟೆ ನೋಡಿದರು. ಮುನ್ನುಡಿ ಮುಗಿಯಲಿಲ್ಲ. ಬೂಟು, ಚಪ್ಪಲಿ, ಸೀರೆಯ ಅಂಚು, ಸ್ಕರ್ಟಿನ ಅಂಚು, ಮೇಜಿನ ಕೆಳಗೆ ಮಲಗಿದ್ದ ಇನಾಸನ ಮಾವ. ಎರಡು ಮೂರು ಸಲ ಚಿತ್ರ ಸರ್ರನೆ ಮೇಲೇರಿತು, ಮದುಮಗಳ ಬಿಳಿ ಬಟ್ಟೆಯ ತುದಿ ಕಂಡಿತು, ಜೆಫೆರಿನನ ದನಿ "ಎಲ್ಲರೂ ಇಲ್ಲಿ ನೋಡಿ" ಅಂದಿತು, ಅಲ್ಲಿಗೆ ಕಡಿದುಹೋಗಿ ಮತ್ತೆ ಬೂಟು ಬಂತು. ಬೇರೆ ಟೇಪು ಹಾಕಿದರು. ಬಿಷಪ್ಪರ ಭೇಟಿ: ಬೂಟು. ಫುಟ್‌ಬಾಲ್ ಪಂದ್ಯ: ಬೂಟು, ಆದರೆ ಆಟಗಾರರದಲ್ಲ.

ಫೆಲ್ಸಿ ಕ್ಯಾಮೆರಾ ಕೈಗೆ ತೆಗೆದುಕೊಂಡು ಗುಂಡಿ ಒತ್ತಿದಳು. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಕೆಂಪು ದೀಪ ಹತ್ತಿತು.

"ಪಾಯ್, ಈಗ ಇದು ಏನು ಮಾಡ್ತಿದೆ?"

"ನಿಂತಿದೆ."

"ಯಾಕೆ?"

"ಕೆಂಪು ದೀಪ ಇದೆಯಲ್ಲ." ಜೆಫೆರಿನನಿಗೆ ಮಗಳ ದಡ್ಡತನ ಕಂಡು ಬೇಸರವಾಯಿತು. "ಎಂಜಿನ್ ಕೋಣೆಯಲ್ಲಿ ಹಸಿರು ದೀಪ ಅಂದ್ರೆ ಯಂತ್ರ ನಡೀತಿದೆ. ಕೆಂಪು ಹತ್ತಿದ್ರೆ ನಿಂತಿದೆ, ಓಡಿ ಹೋಗಿ ನೋಡು ಅಂತ ಅರ್ಥ. ನನಗೆ ಹೇಳಿಕೊಡ್ತೀಯಾ? ಒತ್ತಿದಾಗ ಕೆಂಪು ಬಂದ್ರೆ ಮತ್ತೊಂದು ಸಲ ಒತ್ತಬೇಕು. ಕೆಂಪು ಹೋಗ್ತದೆ. ಆಗ ನಡೀತದೆ."

ಕ್ಯಾಮೆರಾದ ಕಿಂಡಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಜೆಫೆರಿನ್ ಅದನ್ನು ನೋಡಿದ. ಲ್ಯಾಪ್‌ಟಾಪಿನ ಮೇಲಿನ ಬೂಟು ನೋಡಿದ. ತನ್ನ ಕಾಲು ನೋಡಿಕೊಂಡ. ಇಪ್ಪತ್ತೈದು ವರ್ಷ ಅವನು ಸಮಾರಂಭ ಶುರುವಾಗುವಾಗ ಕ್ಯಾಮೆರಾ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಬೆವರು ಸುರಿಸಿ ಎಲ್ಲವನ್ನೂ ತೆಗೆದು, ಮುಗಿದ ಮೇಲೆ ಕ್ಯಾಮೆರಾ ಓಡಲು ಬಿಟ್ಟು, ಹೆಗಲಿಗೆ ನೇತುಹಾಕಿಕೊಂಡು ಮನೆಗೆ ಬಂದಿದ್ದ.

ಪಿಯೆದಾದ್ ಮೊದಲು ಕೆಮ್ಮಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದಾಯಿತು.

"ಬಿಷಪ್ಪರು ನಿಮ್ಮ ಕಡೆ ತಿರುಗಿ ಮೂರು ಸಲ ನಕ್ಕಿದ್ರು," ಅಂದಳು ಅಲ್ಲಿಂದಲೇ. "ಪಾಪ."

ಆ ಸಂಜೆ ಜೆಫೆರಿನ್ ಒಬ್ಬನೇ ಗದ್ದೆಯ ಬದುವಿನ ಮೇಲೆ ನಡೆದು ನೋಡಿದ. ಅರ್ಧಕ್ಕೆ ಹೋಗಿ ತಿರುಗಲು ಜಾಗವಿಲ್ಲದೆ, ಹಿಂದುಹಿಂದಕ್ಕೆ ಹೆಜ್ಜೆ ಇಟ್ಟು ವಾಪಸು ಬಂದ.

ಫೆಲ್ಸಿ ಮಾತ್ರ ಟೇಪು ಇಳಿಸುವುದನ್ನು ನಿಲ್ಲಿಸಲಿಲ್ಲ. ಅವಳ ಮದುವೆಯಲ್ಲಿ ಅವಳ ಮುಖ ಎಲ್ಲಾದರೂ ಇದ್ದೀತು ಎಂಬ ಆಸೆ ಅವಳಿಗೆ. ಮುಖ ಸಿಗಲಿಲ್ಲ. ಆದರೆ ದನಿ ಸಿಗುತ್ತಾ ಹೋಯಿತು. ಚಿತ್ರ ಬಿಟ್ಟು ಕಿವಿ ಕೊಟ್ಟರೆ, ಸಮಾರಂಭ ಮುಗಿಸಿ ಮನೆಗೆ ಹೋಗುವ ಜನ ಏನು ಮಾತಾಡುತ್ತಾರೋ ಅದೆಲ್ಲ ಅಲ್ಲಿತ್ತು. ಕೇಕು ಯಾಕೆ ಗಟ್ಟಿ, ಮದುಮಗನ ಕಿವಿ ಯಾಕೆ ಅಷ್ಟು ದೊಡ್ಡದು, ಪಾದ್ರಿಗಳ ಪ್ರವಚನದ ಯಾವ ಭಾಗದಲ್ಲಿ ಯಾರು ಗೊರಕೆ ಹೊಡೆದರು. ಕೇರಿಯಲ್ಲಿ ಇನ್ನೂ ಬದುಕಿದ್ದವರನ್ನು ಬದುಕಲು ಬಿಡಬೇಕಾದರೆ ಇದರಲ್ಲಿ ಮುಕ್ಕಾಲು ಪಾಲು ಕತ್ತರಿಸಲೇಬೇಕಿತ್ತು. ಫೆಲ್ಸಿ ಕತ್ತರಿಸಿದಳು. ಪುಕ್ಕಟೆ ಸಿಕ್ಕಿದ ಸಾಫ್ಟ್‌ವೇರು. ಚಿತ್ರದ ನಟ್ಟನಡುವೆ ತನ್ನ ಹೆಸರು ಒತ್ತುತ್ತಿತ್ತು, ಬಟ್ಟೆಯ ಮೇಲೆ ಮಿಲ್ಲಿನ ಮೊಹರು ಇದ್ದಂತೆ. ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅಂಚು ಬಿಟ್ಟು ಕತ್ತರಿಸಬೇಕು, ಬಿಗಿಯಾದರೆ ಬಿಚ್ಚಲು ಬರುವಂತಿರಬೇಕು. ಬ್ಲೌಸಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಅವಳಿಗೆ ಬೇಗ ತಿಳಿಯಿತು.

ಶುಕ್ರವಾರ ಮಧ್ಯಾಹ್ನ ಅಪ್ಪನನ್ನು ಕರೆದಳು.

"ಪಾಯ್, ಪ್ರತಿ ಸಲ ನೀವು ಮನೆಗೆ ಬರೋದು ಎಲ್ಲಿಂದ?"

"ಎಲ್ಲಿಂದ ಅಂದ್ರೆ? ದಾರಿಯಿಂದ."

"ನೋಡಿ."

ಗೇಟು. ಮೂರು ಮೆಟ್ಟಿಲು. ನಡುವಿನ ಮೆಟ್ಟಿಲಿನ ಮೂಲೆ ಒಡೆದು ವಾಲಿತ್ತು. ಬೂಟು ಅದರ ಮೇಲೆ ಎಡಕ್ಕೆ ವಾಲಿ, ಸರಿಯಾಗಿ, ಮೇಲೆ ಹತ್ತಿತು. ಆಮೇಲೆ ಜಗಲಿಯ ಬುಡ. ಅಲ್ಲಿ ಒಂದು ಹೆಂಗಸಿನ ದನಿ. ಮುಂದಿನ ತುಂಡಿನಲ್ಲಿ ಬೇರೆ ವರ್ಷ, ಬೇರೆ ಬೂಟು, ಅದೇ ಮೆಟ್ಟಿಲು, ಅದೇ ದನಿ.

"ಅರ್ಕಾಂಜಿನ್," ಅಂದ ಜೆಫೆರಿನ್.

ಅರ್ಕಾಂಜಿನ್ ಬೊಸ್ತ್ಯಾಂವನ ಹೆಂಡತಿ. ತೀರಿಹೋಗಿ ವರ್ಷಗಳಾಗಿದ್ದವು.

"ಇಪ್ಪತ್ತು ವರ್ಷದ ಓಡಾಟ ಇದೆ ಪಾಯ್. ಟೋಸ್ಟು ಇಲ್ಲದಿದ್ರೆ ಬೇಡ. ದಾರಿ ಇದೆಯಲ್ಲ. ಇದನ್ನೇ ಜೋಡಿಸಿ ತೋರಿಸೋಣ."

ಜೆಫೆರಿನನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಆಗಲೇ ಮದುವೆಯ ದಿನದ ತುಂಡು ಬಂತು. ಮೆಟ್ಟಿಲು, ಅರ್ಕಾಂಜಿನಳ ದನಿ. ಅದರ ಜೊತೆಗೇ, ಒಂದರ ಮೇಲೊಂದು ಬಿದ್ದು, ಜೆಫೆರಿನನ ಸ್ವಂತ ದನಿ. ಸಾಕಷ್ಟು ಕುಡಿದ ದನಿ. "ಪಿಯೆದಾದ್, ಕುಂಪಾರ್ ಇವತ್ತು ಬಾರಿಸಿದ್ದು ಕೇಳಿದೆಯಾ? ನನಗೆ ಅಳು ಬಂತು ಮಾರಾಯ್ತಿ. ಇಡೀ ಸಾಸ್ಟಿ ತಾಲೂಕಿನಲ್ಲಿ ಇಂಥ ಕೈ ಇನ್ನೊಂದಿಲ್ಲ."

"ಅದನ್ನ ಕತ್ತರಿಸು," ಅಂದ ಜೆಫೆರಿನ್.

"ಆಗಲ್ಲ. ಎರಡು ದನಿನೂ ಹೆಣೆದುಕೊಂಡಿವೆ. ನಿಮ್ಮದನ್ನು ಕತ್ತರಿಸಿದ್ರೆ ಅವರದ್ದೂ ಹೋಗ್ತದೆ. ಮದುವೆ ದಿನ ನೀವು ಈ ದಾರಿಯಲ್ಲೇ ಬಂದ್ರಿ ಅಂತ ಗೊತ್ತಾಗೋದು ಇದೊಂದರಲ್ಲೇ."

"ಬೈದಿದ್ದರೆ ಇರಲಿ ಅಂತಿದ್ದೆ. ಇದು ಹೊಗಳಿಕೆ. ಅವನ ಎದುರಿಗೆ ಹೇಗೆ ಕೂರಲಿ?"

"ಹಾಗಾದ್ರೆ ಬದುವಿನ ಮೇಲೆ ಕೂರಿ," ಅಂದಳು ಪಿಯೆದಾದ್ ಒಳಗಿನಿಂದ. "ಅಲ್ಲಿ ಯಾರೂ ಎದುರಿಗೆ ಬರಲ್ಲ, ಜಾಗ ಇಲ್ಲ."

ಶನಿವಾರ ಲದಿನ್ ಮುಗಿಯಿತು. ಬೊಸ್ತ್ಯಾಂವ್ ಪಿಟೀಲು ಬಾರಿಸಲಿಲ್ಲ, ಭುಜ ನೋವು ಅಂದ. ನಾಯಿ ಕೊನೆಯವರೆಗೂ ಕೂತಿತ್ತು. ಇಗರ್ಜಿಯ ಪಾಠದ ಕೋಣೆಯಿಂದ ಪ್ರೊಜೆಕ್ಟರ್ ಬಂದಿತ್ತು. ಬೊಸ್ತ್ಯಾಂವನ ಸುಣ್ಣದ ಗೋಡೆಯ ಮೇಲೆ ಬೆಳಕು ಬಿತ್ತು. ಕೇರಿ ಅಷ್ಟೂ ಅಂಗಳದಲ್ಲಿತ್ತು. ಕೆಂಪುಕಲ್ಲಿನ ರಾಶಿಯ ಮೇಲೂ ಜನ ಕೂತಿದ್ದರು. ಕೂರಲು ಅದು ಒಳ್ಳೆಯ ಎತ್ತರದಲ್ಲಿತ್ತು.

ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಬೂಟು ನಡೆಯಿತು. ನಡುವೆ ಸಾಫ್ಟ್‌ವೇರಿನ ಹೆಸರು ತೂಗಾಡುತ್ತಿತ್ತು. ಖರ್ಚು ಕೊಟ್ಟವನ ಹೆಸರು ಇರಬೇಕು ಎಂದು ಹಿರಿಯರು ತಲೆ ಆಡಿಸಿದರು.

"ಟೋಸ್ಟು ಎಲ್ಲಿ?" ಅಂದ ಬೊಸ್ತ್ಯಾಂವ್.

"ಟೋಸ್ಟು ಬಂದಿಲ್ಲ," ಅಂದ ಜೆಫೆರಿನ್. "ದೀಪ ಕೆಂಪಿತ್ತು. ದಾರಿ ಬಂದಿದೆ. ನೋಡು."

ಕಲ್ಲಿನ ರಾಶಿಯ ಮೇಲಿಂದ ನಗು ಶುರುವಾಯಿತು.

"ಬಿಷಪ್ಪರು ಎಲ್ಲಿ ಜೆಫ್ರು, ಬೂಟಿನೊಳಗಾ?"

"ನನ್ನ ಗೋಲು?"

"ಏಯ್, ಆ ಚಪ್ಪಲಿ ನಂದು. ಬಿಷಪ್ಪರು ಬಂದ ದಿನ ಕಳೆದುಹೋಗಿತ್ತು. ಹಾಕ್ಕೊಂಡಿರೋದು ಯಾರು?"

"ಸುಮ್ನಿರೋ. ಮುಂದೆ ನೋಡೋಣ."

ಬೊಸ್ತ್ಯಾಂವ್ ನಗಲಿಲ್ಲ. "ಕಾಲಿಗೆ ಹೆಸರು ಬರೆದಿರಲ್ಲ ಕುಂಪಾರ್. ದಾರಿ ಅಂತೀಯ. ಇದು ಲಿಸ್ಬನ್ನಿನ ದಾರಿಯೂ ಆಗಿರಬಹುದು. ಸೋಮವಾರ ಮೇಸ್ತ್ರಿಗೆ ಹೇಳಿದ್ದೀನಿ."

ಜೆಫೆರಿನ್ ಮಗಳ ಕಡೆ ನೋಡಿದ. ಅಲ್ಲಿಯವರೆಗೆ ಸದ್ದು ಮುಚ್ಚಿಯೇ ಇತ್ತು; ಅವನೇ ಹಾಗೆ ಹೇಳಿದ್ದ. ಪಿಯೆದಾದ್ ಅವನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು, ಪೆಟ್ಟಿಗೆಯಲ್ಲಿ ಮಲಗಿದವಳ ಹಾಗೆ ನೆಟ್ಟಗೆ.

"ದನಿ ಬಿಡು," ಅಂದ.

ಗೋಡೆಯ ಮೇಲೆ ಮೆಟ್ಟಿಲು ಬಂತು. ಬೂಟು ವಾಲಿತು. ಜಗಲಿಯ ಕಡೆಯಿಂದ ಅರ್ಕಾಂಜಿನ್ ಅಂದಳು:

"ಜೆಫ್ರು, ನಿಧಾನ, ಆ ಮೆಟ್ಟಿಲು. ಈ ಮನುಷ್ಯನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಇವತ್ತು ಮಾಡ್ತೀನಿ ನಾಳೆ ಮಾಡ್ತೀನಿ ಅಂತಾರೆ. ಹೋಗಿ ಬರೋರ ಕಾಲು ಮುರಿದ್ರೆ ಯಾರಿಗೆ ಕೆಟ್ಟ ಹೆಸರು?"

ಮುಂದಿನ ತುಂಡು. ಮಳೆಯ ಸದ್ದು, ರಬ್ಬರಿನ ಚಪ್ಪಲಿ.

"ಮೆಟ್ಟಿಲು ಜಾರ್ತದೆ, ನೋಡ್ಕೊಂಡು. ಬೊಸ್ತ್ಯಾಂವ್, ನಿಮಗೆ ಕೇಳಿಸ್ತಾ? ಪಿಟೀಲು ಕೆಳಗಿಟ್ಟು ಒಂದು ಕಲ್ಲು ತಂದು ಇಡೋಕೆ ಎಷ್ಟು ಹೊತ್ತು?"

ಮತ್ತೊಂದು.

"ಒಂದು ಕಲ್ಲು ಸಾಕು. ಒಂದೇ ಒಂದು ಕಲ್ಲು. ನಾನು ಸತ್ತ ಮೇಲೆ ಮಾಡ್ತಾರೆ ನೋಡು ಜೆಫ್ರು."

ಮದುವೆಯ ತುಂಡೂ ಬಂತು. ಇಡೀ ಸಾಸ್ಟಿಯಲ್ಲಿ ಇಂಥ ಕೈ ಇನ್ನೊಂದಿಲ್ಲ ಎಂದು ಜೆಫೆರಿನನ ದನಿ ಗೋಡೆಯಿಂದ ಹೇಳಿತು. ಜೆಫೆರಿನ್ ತನ್ನ ಗ್ಲಾಸಿನ ತಳದಲ್ಲಿ ಏನೋ ಬಿದ್ದಿದೆಯೇ ಎಂದು ಪರೀಕ್ಷಿಸಿದ. ನಾಯಿ ತಲೆ ಎತ್ತಿ ಬೊಸ್ತ್ಯಾಂವನ ಕಡೆ ನೋಡಿ, ಮತ್ತೆ ಮಲಗಿತು.

ಚಿತ್ರ ಮುಗಿದು ಗೋಡೆ ಬರೀ ಬೆಳ್ಳಗಾಯಿತು. ಬೊಸ್ತ್ಯಾಂವ್ ಆ ಬೆಳ್ಳನೆಯ ಗೋಡೆಯನ್ನೇ ನೋಡುತ್ತಿದ್ದ. ಮನೆಯಲ್ಲಿ ಅರ್ಕಾಂಜಿನಳ ಫೋಟೋಗಳು ನಾಲ್ಕಾರು ಇದ್ದವು. ಅವು ಯಾವುವೂ ಬೈಯುತ್ತಿರಲಿಲ್ಲ.

"ಫೆಲ್ಸಿ," ಅಂದ.

"ಏನು ಪಾದ್ರಿನ್?"

"ಇನ್ನೊಂದು ಸಲ ಹಾಕು."

"ಯಾವುದನ್ನ? ಪಿಟೀಲಿನದ್ದಾ?"

"ಪಿಟೀಲಿನದ್ದು ನಂಗೆ ಮೊದಲೇ ಗೊತ್ತಿದ್ದದ್ದೇ," ಅಂದ ಬೊಸ್ತ್ಯಾಂವ್. "ಬೈದದ್ದನ್ನ ಹಾಕು."

ಮತ್ತೆ ಹಾಕಿದಳು. ಮುಗಿದ ಮೇಲೆ ಇನ್ನೊಂದು ಸಲ ಅಂದ. ಕಡಲೆ ಮುಗಿಯಿತು, ಫೆನ್ನಿ ಮುಗಿಯಿತು, ಜನ ಎದ್ದು ಹೊರಟರು. ಗೋಡೆ ಕಟ್ಟುವ ವಿಷಯ ಬೊಸ್ತ್ಯಾಂವ್ ಎತ್ತಲಿಲ್ಲ. ಕೇಳುವ ಧೈರ್ಯ ಜೆಫೆರಿನನಿಗೂ ಬರಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲೇ ಹೋದ, ಇದೇ ಕೊನೆಯೋ ಏನೋ ಎಂದು ನಿಧಾನವಾಗಿ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದ.

ಕರಣೆಯ ಸದ್ದು ಕೇಳಿ ಜೆಫೆರಿನನ ಕೈಯ ಚಹಾ ಆರಿತು. ಪಿಯೆದಾದ್ ಗದ್ದೆಯ ಕಡೆಯ ಕಿಟಕಿ ತೆರೆದು ಬದುವನ್ನು ಅಳೆಯುವವಳಂತೆ ನೋಡಿ, ಮುಚ್ಚಿದಳು. ಕೊನೆಗೆ ಜೆಫೆರಿನ್ ಎದ್ದು, ನೋಡುವುದನ್ನು ನೋಡಿಯೇ ಬಿಡೋಣ ಎಂದು ಹೋದ. ಬೊಸ್ತ್ಯಾಂವ್ ಜಗಲಿಯಲ್ಲಿ ಕೂತಿದ್ದ. ಮೇಸ್ತ್ರಿ ರಾಶಿಯಿಂದ ಒಂದು ಕಲ್ಲು ತೆಗೆದು, ಮೂಲೆ ಕೆತ್ತಿ, ನಡುವಿನ ಮೆಟ್ಟಿಲಿಗೆ ಕೂರಿಸಿ, ಗಾರೆ ಒರೆಸುತ್ತಿದ್ದ.

"ಒಂದೇ ಕಲ್ಲಾ?" ಅಂದ ಜೆಫೆರಿನ್.

"ಒಂದು ಸಾಕು ಅಂದಿದ್ದಾಳಲ್ಲ."

"ಉಳಿದದ್ದು?"

"ಬಿದ್ದಿರ್ಲಿ. ಲದಿನ್‌ಗೆ ಜನ ಕೂರ್ತಾರೆ."

"ಮತ್ತೆ ಗೋಡೆ, ಕುಂಪಾರ್?"

ಬೊಸ್ತ್ಯಾಂವ್ ಅವನನ್ನು, ದಡ್ಡ ಹುಡುಗನನ್ನು ನೋಡುವಂತೆ ನೋಡಿದ.

"ಹೋಗಿ ಬರೋರ ಕಾಲು ಅಂದಿದ್ದಾಳೆ. ಗೋಡೆ ಕಟ್ಟಿದ್ರೆ ಹೋಗಿ ಬರೋದು ಯಾರು? ಮೆಟ್ಟಿಲು ಯಾರಿಗೆ?" ಅವನು ಕುರ್ಚಿಯಲ್ಲಿ ತುಸು ಮುಂದಕ್ಕೆ ಬಾಗಿದ. "ಅದು ಟೇಪಿನಲ್ಲಿದೆ."

ಜೆಫೆರಿನ್ ಹಸಿ ಗಾರೆಯನ್ನು ದಾಟಿ ಮೀನು ತರಲು ಹೋದ.

ಗಾರೆ ಒಣಗಿದ ಮೇಲೆ ಮೊದಲು ಅದರ ಮೇಲೆ ಕಾಲಿಟ್ಟವನು ಅವನೇ. ಇಷ್ಟು ವರ್ಷದ ಅಭ್ಯಾಸದಲ್ಲಿ ಕಾಲು ತಾನಾಗಿಯೇ ಎಡಕ್ಕೆ ವಾಲಿತು, ಮೆಟ್ಟಿಲು ವಾಲಲಿಲ್ಲ. ಮೀನಿನ ಚೀಲದ ಸಮೇತ ಕೆಂಪುಕಲ್ಲಿನ ರಾಶಿಯ ಮೇಲೆ ಹೋಗಿ ಬಿದ್ದ. ಆ ದಿನ ಪಿಯೆದಾದ್ ಎಡವಿದಳು, ಅಂಚೆಯವನು ಎಡವಿದ, ಪಾದ್ರಿಗಳು ಮನೆ ಆಶೀರ್ವದಿಸಲು ಬಂದು ಪವಿತ್ರ ಜಲವನ್ನೆಲ್ಲ ಸುರಿದು ಮೆಟ್ಟಿಲೊಂದನ್ನೇ ಆಶೀರ್ವದಿಸಿದರು. ಮಳೆ ಶುರುವಾಗುವವರೆಗೂ ಅಂಬೆವಾಡದಲ್ಲಿ ಆ ಮೆಟ್ಟಿಲಿನ ಮೇಲೆ ಎಡವದವರಿರಲಿಲ್ಲ.

ಬೊಸ್ತ್ಯಾಂವ್ ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಮಡಿಲಲ್ಲಿ ಅಸೊಳ್ಣೆಯ ವಿಧವೆಯಿಂದ ಪಡೆದ ಕ್ಯಾಮೆರಾ. ಯಾರಾದರೂ ಗೇಟು ತೆರೆದರೆ ಕಿಂಡಿಗೆ ಕಣ್ಣಿಟ್ಟು, ಕೆಂಪು ದೀಪ ಹತ್ತಿದೆಯೇ ಎಂದು ಒಮ್ಮೆ ಖಚಿತ ಮಾಡಿಕೊಂಡು, ಕಾಯುತ್ತಿದ್ದ.